ಎಡಪಾದದ ಗುರುತು

ನಮ್ಮೂರಿನಲ್ಲಿ ಬೆಳಿಗ್ಗೆ ಎದ್ದವರು ಮೊದಲು ಹೊಳೆ ಎಲ್ಲಿದೆ ಎಂದು ನೋಡುತ್ತಾರೆ, ಆಮೇಲೆ ಮುಖ ತೊಳೆಯುತ್ತಾರೆ. ನಿನ್ನೆ ಕಂಚುಗಾರರ ಬೀದಿಯ ಹಿಂದೆ ಇದ್ದದ್ದು ಇವತ್ತು ಸಂತೆಮಾಳದ ಮುಂದೆ ಇರಬಹುದು. ಒಂದೊಂದು ಸಲ ಮೂರು ತಿಂಗಳು ಕದಲುವುದಿಲ್ಲ, ಒಂದೊಂದು ಸಲ ವಾರಕ್ಕೆ ಎರಡು ಬಾರಿ ಜಾಗ ಬದಲಿಸುತ್ತದೆ. ಅದು ಎದ್ದು ಹೋಗುವುದನ್ನು ಕಂಡವರಿಲ್ಲ. ಯಾರ ಗೋಡೆಯನ್ನೂ ಕೆಡವುವುದಿಲ್ಲ, ಯಾರ ಕೋಳಿಗೂಡನ್ನೂ ನೆನೆಸುವುದಿಲ್ಲ. ಎರಡು ಬೀದಿಗಳ ನಡುವೆ, ಮೊದಲಿನಿಂದಲೂ ಅಲ್ಲೇ ಇದ್ದ ಹಾಗೆ, ಊರಿನ ಈ ತುದಿಯಿಂದ ಆ ತುದಿಯವರೆಗೆ ಮಲಗಿರುತ್ತದೆ. ನನ್ನ ಅಜ್ಜನ ಕಾಲದಲ್ಲಿ ಕಲ್ಲಿನ ಸೇತುವೆ ಕಟ್ಟಿಸಿದರಂತೆ. ಸೇತುವೆಗೆ ಕಾಯಿ ಒಡೆದ ಮಾರನೆಯ ದಿನವೇ ಹೊಳೆ ಬೇರೆ ಕಡೆ ಹೋಯಿತು. ಈಗ ಅದರ ಮೇಲೆ ರಾಗಿ ಒಣಗಿಸುತ್ತಾರೆ. ಮದುವೆಯ ಕಾಗದಗಳಲ್ಲಿ 'ಹೊಳೆ ಎಲ್ಲಿದ್ದರೂ ತಾವು ಸಕುಟುಂಬರಾಗಿ ಬರಲೇಬೇಕು' ಎಂದು ಅಚ್ಚು ಹಾಕಿಸುವುದು ರೂಢಿ. ಮೊಣಕಾಲು ಮುಟ್ಟುವಷ್ಟು ನೀರು. ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಎಮ್ಮೆಗಳು, ಮುದುಕರು, ಮದುಮಕ್ಕಳು ಎಲ್ಲರೂ ದಾಟುತ್ತಾರೆ. ಹೊಳೆಯ ಮೇಲೆ ಊರಿನವರಿಗೆ ಸಿಟ್ಟಿಲ್ಲ.

ಆದರೆ ಅದರಲ್ಲಿ ಕಾಲಿಟ್ಟವರಿಗೆ ಗುರುತು ಬೀಳುತ್ತದೆ. ಕಣಕಾಲಿನ ಸುತ್ತ ಕೆಮ್ಮಣ್ಣು ಬಣ್ಣದ ಒಂದು ಗೆರೆ. ಅದಕ್ಕೆ ಹೊಳೆಬಳೆ ಅನ್ನುತ್ತೇವೆ. ಸೀಗೆಪುಡಿ ಹಾಕಿ ಉಜ್ಜಿದರೂ, ಸೀಮೆಎಣ್ಣೆ ಹಚ್ಚಿದರೂ ಎಂಟು ದಿನ ಅದು ಹೋಗುವುದಿಲ್ಲ. ನಮ್ಮ ಶಾಲೆಗಳ ವ್ಯವಹಾರವೆಲ್ಲ ನಿಂತಿರುವುದು ಈ ಗೆರೆಯ ಮೇಲೆ.

ಊರಿಗೆ ಎರಡು ಸರ್ಕಾರಿ ಶಾಲೆ. ಮೂಡಲ ಶಾಲೆ, ಪಡುವಲ ಶಾಲೆ. ಹೊಳೆ ಎಲ್ಲಿಗೇ ಹೋದರೂ ಇವೆರಡರ ನಡುವೆ ಎಲ್ಲೋ ಒಂದು ಕಡೆ ಇರುತ್ತದೆ. ನಾನು ಮೂಡಲ ಶಾಲೆಯ ಗುಮಾಸ್ತ, ಶ್ರೀಕಂಠಪ್ಪ. ಹತ್ತೊಂಬತ್ತು ವರ್ಷದಿಂದ ದಾಖಲಾತಿ ಪುಸ್ತಕ ನನ್ನ ಕೈಯಲ್ಲಿದೆ. ಜೂನ್ ಮೊದಲ ವಾರ, ಸೋಮವಾರದಿಂದ ಶನಿವಾರ ಮಧ್ಯಾಹ್ನದ ಗಂಟೆಯವರೆಗೆ, ದಾಖಲಾತಿ. ಒಣಗಾಲಲ್ಲಿ ಬಂದ ಮಗು ನಮ್ಮ ಶಾಲೆಯ ಮಗು. ಹೊಳೆಬಳೆ ಇರುವ ಮಗು ಆಚೆ ದಡದ್ದು. ಹೊತ್ತುಕೊಂಡು ದಾಟಿಸಿದರೆ ಹೊತ್ತವರ ಕಾಲನ್ನೂ ನೋಡುತ್ತೇವೆ. ಒಮ್ಮೆ ಹೆಸರು ಬರೆದರೆ ಏಳು ವರ್ಷ ಮಗು ಆ ಶಾಲೆಯದ್ದೇ. ಆಮೇಲೆ ಹೊಳೆ ಎಲ್ಲಿಗಾದರೂ ಹೋಗಲಿ, ಮಗು ದಿನಾ ಈಜಿಕೊಂಡಾದರೂ ಬರಲಿ. ಇಷ್ಟೇ ನಿಯಮ. ಹಾಗಾಗಿ ಮೇ ತಿಂಗಳ ಕೊನೆಯಲ್ಲಿ ಆರು ವರ್ಷದ ಮಕ್ಕಳಿರುವ ಮನೆಗಳಲ್ಲಿ ಮಗುವನ್ನು ಜಗಲಿಯಿಂದ ಇಳಿಸುವುದಿಲ್ಲ.

ನನ್ನ ಕೆಲಸ ಪಾದ ಮುಟ್ಟಿ ನೋಡುವುದು. ಗೆರೆ ಇದೆಯೇ ನೋಡಿ, ಅಂಗಾಲನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಮಚ್ಚೆ, ಗಾಯ, ಬಿರುಕು ಏನು ಸಿಕ್ಕಿತೋ ಅದನ್ನು 'ಪಾದದ ಗುರುತು' ಎಂಬ ಅಂಕಣದಲ್ಲಿ ಬರೆಯಬೇಕು. ಆಮೇಲೆ ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ವಯಸ್ಸಾಯಿತು ಎಂದು ಅರ್ಥ. ಕೊನೆಗೆ ಬರೆದದ್ದನ್ನು ಮಗುವಿನ ಮುಂದೆ ಮೂರು ಸಲ ಓದಿ ಹೇಳಬೇಕು. ಈ ಕೆಲಸ ಮಾಡಿ ಮಾಡಿ ನನಗೆ ಒಂದು ಚಾಳಿ ಬಂದುಬಿಟ್ಟಿದೆ. ಸಂತೆಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಮುಖ ಮರೆತಿರುತ್ತೇನೆ, ಪಾದ ನೋಡಿದ ಕೂಡಲೇ ಹೆಸರು ಬಾಯಿಗೆ ಬರುತ್ತದೆ.

ಆ ವರ್ಷ ಸೋಮವಾರ ಬೆಳಿಗ್ಗೆ ಮೊದಲು ಬಂದವಳು ಚೆನ್ನಾಜಮ್ಮ. ಎಲೆಗಾರರ ಬೀದಿಯವಳು. ಮುತ್ತುಗದ ಎಲೆಗಳನ್ನು ಬಿದಿರುಕಡ್ಡಿಯಿಂದ ಚುಚ್ಚಿ ಊಟದೆಲೆ ಮಾಡಿ ಹೋಟೆಲುಗಳಿಗೆ ಹಾಕುತ್ತಿದ್ದಳು. ಗಂಡ ಲಾರಿಯ ಮೇಲೆ ಹೋದವನು, ಹಬ್ಬಕ್ಕೆ ಬರುವವನು. ಅವಳಿಗೆ ಅವಳಿ ಹೆಣ್ಣುಮಕ್ಕಳು, ನಾಗವೇಣಿ ಮತ್ತು ನಾಗರತ್ನ. ಕೈಹಿಡಿದು ಕರೆತಂದದ್ದು ವೇಣಿಯೊಬ್ಬಳನ್ನೇ.

"ಇನ್ನೊಂದಕ್ಕೆ ಜ್ವರ ಸ್ವಾಮಿ, ಮೈ ಕೆಂಡ ಆಗೈತೆ," ಎಂದಳು. "ಇಬ್ರುದೂ ಒಂದೇ ಕಿತ ಬರ್ಕೊಂಬುಡಿ. ಇವಳದ್ಹೆಂಗೋ ಅವಳದೂ ಹಂಗೆ. ಒಂದು ಹೊಟ್ಟೇಲಿ ಒಟ್ಟಿಗೆ ಇದ್ದೋವು."

ವೇಣಿ ಕುರ್ಚಿಯ ಮೇಲೆ ಹತ್ತಿ ಕುಳಿತು, ನಾನು ಕೇಳುವ ಮುಂಚೆಯೇ ಎರಡೂ ಕಾಲು ಚಾಚಿ, "ನಮ್ ರತ್ನಂಗೆ ಗಂಜಿ ಕುಡುಸವ್ರೆ. ಅವ್ಳು ಕಕ್ಕೊಂಡ್ಲು. ನಾನೂ ಕುಡ್ದೆ, ನಾನ್ ಕಕ್ಕೊಂಡಿಲ್ಲ," ಎಂದು ವರದಿ ಒಪ್ಪಿಸಿದಳು. ಬಾಯಿಗೆ ಬೀಗವಿಲ್ಲದ ಹುಡುಗಿ. ರತ್ನ ಮಾತಾಡುವುದಿಲ್ಲವಂತೆ. ಮೂಗಿಯಲ್ಲ, ಕಿವಿ ಚೆನ್ನಾಗಿಯೇ ಇದೆ. ಅವಳಿಗೆ ಹಸಿವಾದರೆ ವೇಣಿ ಹೇಳುತ್ತಾಳೆ, ನಿದ್ದೆ ಬಂದರೆ ವೇಣಿ ಹೇಳುತ್ತಾಳೆ, ಹಾಗಾಗಿ ಅವಳಿಗೆ ಬಾಯಿ ತೆರೆಯುವ ಪ್ರಮೇಯವೇ ಬಂದಿಲ್ಲ ಎಂದು ತಾಯಿಯೇ ನಗುತ್ತಾ ಹೇಳಿದಳು.

ವೇಣಿಯ ಕಾಲಿನಲ್ಲಿ ಗೆರೆಯಿರಲಿಲ್ಲ. ಎಡಪಾದದ ಒಳಮಗ್ಗುಲಲ್ಲಿ ಅಕ್ಕಿಕಾಳಿನಷ್ಟು ಗಟ್ಟಿಯಾದದ್ದು ನನ್ನ ಹೆಬ್ಬೆರಳಿಗೆ ಸಿಕ್ಕಿತು. ಹೋದ ವರ್ಷ ಬಿದಿರುಕಡ್ಡಿ ಚುಚ್ಚಿದ್ದಂತೆ. 'ಎಡಪಾದದ ಒಳಮಗ್ಗುಲಲ್ಲಿ ಕಡ್ಡಿ ಚುಚ್ಚಿ ಮಾಗಿದ ಕಲೆ' ಎಂದು ಬರೆದೆ, ಮೂರು ಸಲ ಓದಿದೆ. ಮೂರು ಸಲವೂ ವೇಣಿ "ಹೂಂ" ಅಂದಳು.

"ಇನ್ನೊಂದು ಮಗೂನ ನಾಳೆ ಕರ್ಕೊಂಡ್ ಬಾರಮ್ಮ," ಎಂದೆ. "ಕಾಲು ಮುಟ್ಟದೆ ಹೆಸರು ಬರೆಯೋ ಹಂಗಿಲ್ಲ. ವಾರ ಪೂರ್ತಿ ಇದೆಯಲ್ಲ, ಏನವಸರ?"

ಚೆನ್ನಾಜಮ್ಮ ವೇಣಿಯನ್ನು ಕುರ್ಚಿಯಿಂದ ಇಳಿಸಿದಳು. "ಹೊಳೆ ನಿಮ್ಮ ಮಾತು ಕೇಳ್ತದಾ ಸ್ವಾಮಿ?" ಎಂದಳು. ಕುಹಕವೇನಲ್ಲ, ನಿಜವಾಗಿಯೇ ಕೇಳಿದ ಹಾಗಿತ್ತು. ನಾನು ಮುಂದಿನವರನ್ನು ಕರೆದೆ. ಅವಳು ಜ್ವರ ಅಂಟದಿರಲೆಂದು ವೇಣಿಯನ್ನು ಶಾಲೆಯ ಹಿಂದೆಯೇ ಇರುವ ತಂಗಿಯ ಮನೆಯಲ್ಲಿ ಬಿಟ್ಟು ಹೋದಳು.

ಮಂಗಳವಾರ ಬೆಳಿಗ್ಗೆ ಹೊಳೆ ಎಲೆಗಾರರ ಬೀದಿಗೂ ನಮಗೂ ನಡುವೆ ಇತ್ತು.

ಹತ್ತು ಗಂಟೆಗೆ ಚೆನ್ನಾಜಮ್ಮ ಒಬ್ಬಳೇ ಬಂದಳು. ಸೀರೆಯ ಅಂಚು ಒದ್ದೆ, ಕಾಲಲ್ಲಿ ಹೊಸ ಹೊಳೆಬಳೆ. ಕಚೇರಿಯ ಹೊಸ್ತಿಲಾಚೆಯೇ ನಿಂತು, "ನೋಡುದ್ರಾ?" ಎಂದಳು. ನೋಡಿದೆ ಎಂದೆ. "ಜ್ವರ ಬಿಟ್ಟೈತೆ. ಈಗ ಏನ್ ಮಾಡ್ಲಿ?" ಶನಿವಾರದವರೆಗೆ ಸಮಯವಿದೆ, ಹೊಳೆ ವಾಪಸಾದರೂ ಆಗಬಹುದು, ಮಗುವನ್ನು ನೀರಿಗಿಳಿಸಬೇಡ ಎಂದೆ. ನನಗೆ ತಿಳಿದಿದ್ದ ಸಮಾಧಾನ ಅಷ್ಟೇ.

ಬೇರೆ ಶಾಲೆಯಾದರೆ ಏನು ಮಹಾ, ಇಬ್ಬರೂ ಒಂದೇ ಮನೆಯವರಲ್ಲವೇ ಎಂದು ಹೊರಗಿನವರು ಕೇಳಬಹುದು. ಮಳೆಗಾಲ ನೋಡಿದವರು ಕೇಳುವುದಿಲ್ಲ. ಜೂನ್ ಮುಗಿಯುವಷ್ಟರಲ್ಲಿ ಹೊಳೆ ತುಂಬುತ್ತದೆ, ದಾಟುವ ಮಾತಿಲ್ಲ. ನಾಲ್ಕು ತಿಂಗಳು ಮಕ್ಕಳು ತಮ್ಮ ತಮ್ಮ ಶಾಲೆಯ ದಡದಲ್ಲೇ ಉಳಿಯಬೇಕು. ಮನೆ ಆಚೆಗಿದ್ದವರು ಶಾಲೆಯ ಪಡಸಾಲೆಯಲ್ಲೋ ನೆಂಟರ ಮನೆಯಲ್ಲೋ ಮಲಗುತ್ತಾರೆ. ಪ್ರತಿವರ್ಷ ನಾಲ್ಕು ತಿಂಗಳು, ಏಳು ವರ್ಷ.

ಲೆಕ್ಕ ನನಗೆ ಚೆನ್ನಾಗಿ ಗೊತ್ತು. ನನ್ನ ಅಣ್ಣ ರಾಮಸಂಜೀವ ಪಡುವಲ ಶಾಲೆಯಲ್ಲಿ ಓದಿದವನು. ನನಗಿಂತ ಎರಡು ವರ್ಷ ದೊಡ್ಡವನು. ಅವನನ್ನು ಸೇರಿಸಿದ ವರ್ಷ ಹೊಳೆ ನಮ್ಮ ಮನೆಯ ಮುಂದಿತ್ತು, ನನ್ನನ್ನು ಸೇರಿಸಿದ ವರ್ಷ ಮನೆಯ ಹಿಂದಿತ್ತು. ಈಗ ಅವನು ಆಚೆ ದಡದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ಮದುವೆ, ತಿಥಿಗಳಲ್ಲಿ ಸಿಗುತ್ತೇವೆ. ಆರೋಗ್ಯವಾ ಎಂದು ಅವನು ಕೇಳುತ್ತಾನೆ, ಆರೋಗ್ಯ ಎಂದು ನಾನು ಹೇಳುತ್ತೇನೆ. ನಮ್ಮ ನಡುವೆ ಜಗಳವಿಲ್ಲ. ಜಗಳವಾಡುವಷ್ಟು ಬಳಕೆಯೂ ಇಲ್ಲ.

ಬುಧವಾರ ಹೊಳೆ ಕದಲಲಿಲ್ಲ. ಗುರುವಾರವೂ ಇಲ್ಲ. ಚೆನ್ನಾಜಮ್ಮ ಎರಡೂ ದಿನ ಬಂದಳು. ಗುರುವಾರ ಮೂವತ್ತು ಊಟದೆಲೆಯ ಒಂದು ಕಟ್ಟು ತಂದು ನನ್ನ ಮೇಜಿನ ಮೇಲಿಟ್ಟಳು. ನಾನು ಅದನ್ನು ಮುಟ್ಟದೆ ವಾಪಸು ತಳ್ಳಿದೆ.

"ಇದೇನ್ ಲಂಚ ಅಲ್ಲ ಸ್ವಾಮಿ," ಎಂದಳು. "ಎಲೆ ಹಚ್ಚಿದ್ದು ರತ್ನ. ಜ್ವರದಾಗೂ ಹಚ್ಚಿದ್ಲು, ಈಗ್ಲೂ ಕೂತ್ಕಂಡು ಹಚ್ತಾಳೆ. ಅಕ್ಕ ಎಲ್ಲಿ ಅಂತ ಬಾಯ್ಬಿಟ್ಟು ಕೇಳಾಕ್ ಬರಾಕಿಲ್ಲ ನೋಡಿ, ಎಲೆ ಹಚ್ತಾಳೆ. ನಾಕು ದಿನಕ್ಕೆ ಮನೆ ತುಂಬೈತೆ."

ಅವಳನ್ನು ಹೊರಗೆ ನಿಲ್ಲಿಸಿ ನಾನು ಹೆಡ್‌ಮೇಡಂ ಅಂಬುಜಾಕ್ಷಿಯವರ ಕೋಣೆಗೆ ಹೋದೆ. ಮೇಡಂ ಗಟ್ಟಿ ಹೆಂಗಸು. ಇಪ್ಪತ್ತು ವರ್ಷದ ಹಿಂದೆ ತಮ್ಮ ಸ್ವಂತ ಮಗನ ಕಾಲಲ್ಲಿ ಗೆರೆ ಕಂಡು ಆಚೆ ಶಾಲೆಗೆ ಕಳಿಸಿದವರು. ಶಾಲೆ ತೆರೆಯುವ ದಿನ ಹೊಸ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಪುಸ್ತಕದಲ್ಲಿ ಬರೆದ ಗುರುತಿಗೂ ಪಾದಕ್ಕೂ ತಾಳೆ ನೋಡುವುದು ಅವರ ಪದ್ಧತಿ. ನಾನು ವಿಷಯ ಹೇಳಿ, "ಸೋಮವಾರ ಅವಳು ಕೇಳಿಕೊಂಡಿದ್ದಳು ಮೇಡಂ. ನಾನೇ ನಾಳೆ ಬಾ ಅಂದೆ," ಎಂದೆ.

"ನೀವು ಸರಿಯಾಗೇ ಹೇಳಿದೀರಿ," ಎಂದರು.

"ವೇಣಿ ಹೆಸರು ಹೊಡೆದುಹಾಕಿ ಇಬ್ಬರನ್ನೂ ಪಡುವಲಕ್ಕೆ..."

"ಊರು ಬಿಟ್ಟು ಹೋಗೋರ ಹೆಸರು ಮಾತ್ರ ಹೊಡೆದುಹಾಕೋದು ಗುಮಾಸ್ತರೇ. ಹತ್ತೊಂಬತ್ತು ವರ್ಷದಿಂದ ಇದೀರಿ, ನಿಮಗೆ ನಾನು ಹೇಳಬೇಕೆ?"

ಬಾಗಿಲ ಹೊರಗೆ ನಿಂತಿದ್ದ ಚೆನ್ನಾಜಮ್ಮನಿಗೆ ಎಲ್ಲವೂ ಕೇಳಿಸಿತ್ತು. "ದೇವ್ರು ವರ ಕೊಟ್ರೂ ಪೂಜಾರಿ ಕೊಡ್ನಿಲ್ಲ ಅಂತಾರಲ್ಲ, ಹಂಗಾತು," ಎಂದಳು ನನ್ನನ್ನು ನೋಡಿ. "ಸೋಮವಾರ ಹೊಳೆ ಕೊಟ್ಟಿತ್ತು. ಕೊಡ್ದೆ ಹೋದೋರು ನೀವು." ಅವಳು ದನಿಯೇರಿಸಿ ಹೇಳಿದ್ದರೆ ನಾನೂ ಏರಿಸಬಹುದಿತ್ತು. ಮೆಲ್ಲಗೆ ಹೇಳಿದಳು. ನನಗೆ ನಾಚಿಕೆಯಾಯಿತು. ಊಟದೆಲೆಯ ಕಟ್ಟನ್ನು ಅಲ್ಲೇ ಬಿಟ್ಟು ಹೋದಳು. ಆ ಮಧ್ಯಾಹ್ನ ಅದರಲ್ಲಿ ಒಂದನ್ನು ತೆಗೆದು ನೋಡಿದೆ. ಕಡ್ಡಿಗಳೆಲ್ಲ ಒಂದೇ ಅಳತೆ, ಒಂದೇ ಅಂತರ. ಆರು ವರ್ಷದ ಮಗು ಮಾಡಿದ್ದು ಎಂದರೆ ನಂಬಲಾಗದು.

ಶುಕ್ರವಾರ ಹೊಳೆ ಕದಲಿತು. ಜವಾನ ತಿಮ್ಮಯ್ಯ ಓಡಿಬಂದು ಹೇಳಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ಆಮೇಲೆ ನೋಡಿದರೆ ಅದು ಇನ್ನೂ ನಮ್ಮ ಕಡೆಗೇ ಸರಿದು, ಸಂತೆಮಾಳದ ಹುಣಸೆಮರಗಳ ಕೆಳಗೆ ಆರಾಮಾಗಿ ಹರಿಯುತ್ತಿತ್ತು. ಸಂತೆಗೆ ಬಂದವರು ಬಾಳೆಗೊನೆಗಳನ್ನು ತಲೆಯ ಮೇಲಿಟ್ಟುಕೊಂಡು ದಾಟುತ್ತಿದ್ದರು. ಚೆನ್ನಾಜಮ್ಮ ಅವತ್ತು ಬರಲಿಲ್ಲ. ಅವಳು ಬಂದರೆ ಬೈಸಿಕೊಳ್ಳುವೆ ಎಂದುಕೊಂಡಿದ್ದವನಿಗೆ, ಬಾರದಿದ್ದದ್ದು ಹೆಚ್ಚು ಕಷ್ಟವಾಯಿತು. ಸಂಜೆ ಅವಳ ತಂಗಿಯ ಮನೆಯ ಮುಂದೆ ಹೋದಾಗ ವೇಣಿ ಜಗಲಿಯ ಮೇಲೆ ಕುಳಿತಿದ್ದಳು. ಏನಮ್ಮ ಊಟ ಆಯಿತಾ ಎಂದರೆ ತಲೆ ಮಾತ್ರ ಆಡಿಸಿದಳು. ಜ್ವರ ಇವಳಿಗೂ ಬಂತೇನೋ ಎಂದುಕೊಂಡೆ.

ಶನಿವಾರ ಹನ್ನೊಂದೂ ಮುಕ್ಕಾಲಾಗಿತ್ತು. ಹೆಸರು ಬರೆಸುವವರು ಯಾರೂ ಉಳಿದಿರಲಿಲ್ಲ. ಹೆಡ್‌ಮೇಡಂ ಅಡುಗೆಕೋಣೆಯಲ್ಲಿ ಬೇಳೆ ಅಳೆಸುತ್ತಿದ್ದರು. ತಿಮ್ಮಯ್ಯ ಗಂಟೆಯ ಕೆಳಗೆ ಬೀಡಿ ಸೇದುತ್ತಾ ನಿಂತಿದ್ದ. ಆಗ ಚೆನ್ನಾಜಮ್ಮ ಒಂದು ಮಗುವಿನ ಕೈ ಹಿಡಿದು ಬಂದಳು. ಅವಳ ಕಾಲಲ್ಲಿ ಒಂದರ ಮೇಲೊಂದು ಬಿದ್ದ ಗೆರೆಗಳು. ಮಗುವಿಗೆ ಒಂಟಿ ಜಡೆ, ಎಣ್ಣೆ ಹಚ್ಚಿ ಬಿಗಿದದ್ದು. ಕಾಲು ಒಣಗಿತ್ತು.

"ರತ್ನ," ಎಂದಳು ಚೆನ್ನಾಜಮ್ಮ.

"ದಾಟಿದ್ದು ಹೆಂಗೆ?" ಎಂದೆ.

"ಅವಳ ಕಾಲಲ್ಲಿ ಗೆರೆ ಐತಾ?"

"ಇಲ್ಲ."

"ನನ್ನ ಕಾಲು ನೋಡ್ಬೇಡಿ. ನಾನು ವಾರದಿಂದ ದಾಟ್ತಾನೇ ಇವ್ನಿ. ಹೊತ್ಕಂಡ್ ಬಂದಿದ್ರೆ ಇವಳ ಲಂಗದ ಮೇಲಾದ್ರೂ ಒಂದ್ ಹನಿ ಇರ್ಬೇಕಲ್ಲ, ನೋಡಿ. ಇವಳು ತಂಗಿ ಮನೆಯಿಂದ ನಡ್ಕಂಡ್ ಬಂದ್ಲು."

ಅದು ಸುಳ್ಳೇನೂ ಆಗಿರಲಿಲ್ಲ. ಮಗು ಕುರ್ಚಿಯ ಮೇಲೆ ಹತ್ತಿ ಕುಳಿತು ಎರಡೂ ಕಾಲು ಚಾಚಿತು, ನಾನು ಕೇಳುವ ಮುಂಚೆಯೇ. ಬಲಗಾಲನ್ನು ಮೊದಲು ಮುಟ್ಟಿದೆ. ಆಮೇಲೆ ಎಡಗಾಲು. ಒಳಮಗ್ಗುಲಲ್ಲಿ ಅಕ್ಕಿಕಾಳಿನಷ್ಟು ಗಟ್ಟಿಯಾದದ್ದು ಹೆಬ್ಬೆರಳಿಗೆ ಸಿಕ್ಕಿತು.

ತಲೆಯೆತ್ತಿ ನೋಡಿದೆ. ಮಗು ತುಟಿಗಳನ್ನು ಒಳಕ್ಕೆಳೆದುಕೊಂಡು, ಹಲ್ಲಿನಿಂದ ಕಚ್ಚಿ ಹಿಡಿದು, ಕಣ್ಣು ಅಗಲಿಸಿ ನನ್ನನ್ನೇ ನೋಡುತ್ತಿತ್ತು. ವೇಣಿಗೆ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟದ ಕೆಲಸವೆಂದು ಅವಳ ಕತ್ತಿನ ನರದಲ್ಲಿ ಕಾಣುತ್ತಿತ್ತು. ಹಿಂದಿನ ಸಂಜೆ ಜಗಲಿಯ ಮೇಲೆ ಅವಳು ತಲೆ ಮಾತ್ರ ಆಡಿಸಿದ್ದು ಜ್ವರದಿಂದಲ್ಲ, ಅಭ್ಯಾಸ ಮಾಡುತ್ತಿದ್ದಳು. ಚೆನ್ನಾಜಮ್ಮ ಗೋಡೆಯ ಮೇಲಿನ ಭೂಪಟವನ್ನು ನೋಡುತ್ತಿದ್ದಳು. ನನಗೆ ಗೊತ್ತಾಯಿತೆಂದು ಅವಳಿಗೆ ಗೊತ್ತಾಗಿತ್ತು.

ನಾನು ಮಗುವಿನ ಕಾಲನ್ನು ಹಿಡಿದುಕೊಂಡೇ ಇದ್ದೆ. ಊರಿನ ಎಷ್ಟೋ ನೂರು ಜನರ ಅಂಗಾಲು ನನಗೆ ಬಾಯಿಪಾಠ. ಅಣ್ಣನ ಪಾದದಲ್ಲಿ ಮಚ್ಚೆಯಿದೆಯೋ ಬಿರುಕಿದೆಯೋ ನನಗೆ ಗೊತ್ತಿಲ್ಲ. ನನ್ನ ತಾಯಿಯೂ ಒಮ್ಮೆ, ಇಬ್ಬರನ್ನೂ ಒಂದೇ ಶಾಲೆಗೆ ಹಾಕಿ ಎಂದು, ಇದೇ ಮೇಜಿನ ಮುಂದೆ ನಿಂತಿದ್ದಳಂತೆ. ಆಗಿನ ಗುಮಾಸ್ತರೂ ನಿಯಮ ಹೇಳಿದ್ದರಂತೆ. ಅವಳು ಸುಮ್ಮನೆ ಮನೆಗೆ ಹೋದಳು. ಅವಳಿಗೆ ಇಂಥದೊಂದು ಉಪಾಯ ಹೊಳೆಯಲಿಲ್ಲವಲ್ಲ ಎಂದು ನನಗೆ ಆಗ ಅವಳ ಮೇಲೆ ಸಿಟ್ಟು ಬಂತು. ಸತ್ತು ಹನ್ನೆರಡು ವರ್ಷವಾದವಳ ಮೇಲೆ.

"ಕಿವಿ ಮುಟ್ಟು ಮಗ," ಎಂದೆ. ಮುಟ್ಟಿದಳು. ಪುಸ್ತಕ ತೆರೆದು, ಲೇಖನಿ ಅದ್ದಿ, ನಾಗರತ್ನ ಎಂದು ಬರೆಯತೊಡಗಿದೆ.

"ಬರೀ ರತ್ನ ಅಂತ ಬರೀರಿ," ಎಂದಳು ವೇಣಿ. "ನಾಗ ಬ್ಯಾಡ. ಅವ್ಳಿಗೆ ಹಾವು ಅಂದ್ರೆ ಭಯ."

ಚೆನ್ನಾಜಮ್ಮ ಕಣ್ಣು ಮುಚ್ಚಿಕೊಂಡಳು. ಅಂಗಳದಲ್ಲಿ ತಿಮ್ಮಯ್ಯ ಕೆಮ್ಮಿದ. ನಾನು 'ನಾಗ'ದ ಮೇಲೆ ಗೀಟು ಎಳೆದು ರತ್ನ ಎಂದಷ್ಟೇ ಉಳಿಸಿದೆ. ಪಾದದ ಗುರುತಿನ ಅಂಕಣವನ್ನೂ ತುಂಬಿ, ಮೂರು ಸಲ ಗಟ್ಟಿಯಾಗಿ ಓದಿದೆ. ಮೊದಲ ಎರಡು ಸಲ ಮಗು ತಲೆಯಾಡಿಸಿತು. ಮೂರನೆಯ ಸಲ ಓದುತ್ತಿರುವಾಗಲೇ ಗಂಟೆ ಹೊಡೆಯಿತು.

ಅವರು ಹೋದ ಮೇಲೆ ಶಾಯಿ ಒಣಗಲೆಂದು ಊದುತ್ತಾ ನೋಡಿದಾಗಷ್ಟೇ, ಮೂರು ಸಲ ಬಾಯಿಪಾಠದಂತೆ ಓದಿದ್ದು ಏನೆಂದು ತಲೆಗೆ ಹೋಯಿತು. ರತ್ನಳ ಹೆಸರಿನ ಮುಂದೆ 'ಎಡಪಾದದ ಒಳಮಗ್ಗುಲಲ್ಲಿ ಕಡ್ಡಿ ಚುಚ್ಚಿ ಮಾಗಿದ ಕಲೆ' ಎಂದು ಬರೆದಿದ್ದೆ. ಗುರುತು ಏನೂ ಇಲ್ಲ ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಹತ್ತೊಂಬತ್ತು ವರ್ಷದ ರೂಢಿ, ಬೆರಳಿಗೆ ಸಿಕ್ಕಿದ್ದನ್ನೇ ಕೈ ಬರೆದಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಸುಳ್ಳು ಹೇಳಿದರೆ ಹೀಗೆಯೇ ಆಗುವುದು. ಅಂಕಣದಲ್ಲಿ ತಿದ್ದುವಂತಿಲ್ಲ, ಮೇಡಂ ಆಗಲೇ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಪುಸ್ತಕ ಬೀರುವಿಗೆ ಹೋಯಿತು.

ಭಾನುವಾರ ನನಗೆ ಊಟ ಸೇರಲಿಲ್ಲ. ಸೋಮವಾರ ರತ್ನ ನಿಜವಾಗಿ ಬರುತ್ತಾಳೆ, ಮೇಡಂ ಕಾಲು ನೋಡುತ್ತಾರೆ, ಇರಬೇಕಾದ ಕಲೆ ಇರುವುದಿಲ್ಲ. ಮಗುವಿನ ಹೆಸರು ಹೋಗುತ್ತದೆ. ಅಷ್ಟರಲ್ಲಿ ಪಡುವಲ ಶಾಲೆಯ ಪುಸ್ತಕವೂ ಮುಚ್ಚಿರುತ್ತದೆ, ಹಾಗಾಗಿ ಅವಳು ಎಲ್ಲಿಯೂ ಇಲ್ಲದವಳಾಗುತ್ತಾಳೆ. ನನ್ನ ಕೆಲಸ ಹೋಗುವುದು ಆಮೇಲಿನ ಮಾತು. ಒಳ್ಳೆಯದು ಮಾಡಲು ಹೋಗಿ ಇದ್ದದ್ದನ್ನೂ ಕಳೆದಿದ್ದೆ. ಚೆನ್ನಾಜಮ್ಮನ ತಂಗಿಯ ಮನೆಗೆ ಹೋಗಿ, ನಾಳೆ ರತ್ನಳನ್ನು ಕಳಿಸಬೇಡಿ, ಜ್ವರ ಮರುಕಳಿಸಿತು ಅನ್ನಿ ಎಂದು ಹೇಳಿದೆ. ವೇಣಿ ಅಲ್ಲಿರಲಿಲ್ಲ. ಹೆಸರು ಬರೆಸಿಯಾಯಿತಲ್ಲ, ಇನ್ನು ಕಾಲು ಒದ್ದೆಯಾದರೂ ಚಿಂತೆಯಿಲ್ಲ ಎಂದು ಶನಿವಾರವೇ ಆಚೆ ದಡಕ್ಕೆ, ರತ್ನಳ ಹತ್ತಿರ ಓಡಿಹೋಗಿದ್ದಳು. ಹೇಳಿ ಕಳಿಸುತ್ತೇನೆ ಎಂದಳು ತಂಗಿ. ಹೇಳಿ ಕಳಿಸಿದಳೋ ಇಲ್ಲವೋ.

ಸೋಮವಾರ ಹತ್ತು ಗಂಟೆಗೆ ಹೊಸ ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತರು, ಇಪ್ಪತ್ತಾರು ಮಂದಿ. ಚೆನ್ನಾಜಮ್ಮ ಬೇಲಿಯ ಹತ್ತಿರ ಬೇರೆ ತಾಯಂದಿರ ಜೊತೆ ನಿಂತಿದ್ದಳು. ಸಾಲಿನ ಕೊನೆಯಲ್ಲಿ ವೇಣಿ, ಅವಳ ಪಕ್ಕ ಅವಳೇ ಇನ್ನೊಮ್ಮೆ. ಇಬ್ಬರ ಕಾಲಿನಲ್ಲೂ ಹೊಸ ಹೊಳೆಬಳೆ. ರತ್ನಳನ್ನು ನಾನು ನೋಡಿದ್ದು ಅದೇ ಮೊದಲು. ಜ್ವರದಿಂದ ಕೆನ್ನೆ ಇಳಿದಿತ್ತು. ಎಡಗಾಲನ್ನು ತುದಿಬೆರಳ ಮೇಲೆ ಇಟ್ಟುಕೊಂಡಿದ್ದಳು.

ಮೇಡಂ ಒಬ್ಬೊಬ್ಬರನ್ನೇ ನೋಡುತ್ತಾ ಬಂದರು. ನಾನು ಪುಸ್ತಕ ಹಿಡಿದು ಪಕ್ಕದಲ್ಲಿ ಓದುತ್ತಿದ್ದೆ. ಬಲಪಾದದಲ್ಲಿ ಮಚ್ಚೆ, ಇದೆ. ಹಿಮ್ಮಡಿ ಬಿರುಕು, ಇದೆ. ವೇಣಿಯ ಸರದಿ ಬಂತು. ಕಡ್ಡಿ ಚುಚ್ಚಿ ಮಾಗಿದ ಕಲೆ, ಇದೆ. ರತ್ನಳ ಸಾಲನ್ನು ಓದಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಜೋರಾಗಿ ಓದಿ," ಎಂದರು ಮೇಡಂ.

ಓದಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ಎಡಗಾಲನ್ನು ಎತ್ತಿದರು. ಎತ್ತಿದವರು ಹಾಗೆಯೇ ನಿಂತರು. ನಾನೂ ಬಗ್ಗಿ ನೋಡಿದೆ. ಒಳಮಗ್ಗುಲಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ಅಕ್ಕಿಕಾಳಿನಷ್ಟು ಒಂದು ತೂತು. ಸುತ್ತ ಊದಿಕೊಂಡು ಕೆಂಪಾಗಿತ್ತು, ಹೊಳೆ ದಾಟುವಾಗ ನೆನೆದು ಬಾಯಿ ಬಿಟ್ಟಿತ್ತು.

"ಇದು ಹಸಿ ಗಾಯ ಗುಮಾಸ್ತರೇ," ಎಂದರು ಮೇಡಂ. "ನೀವು ಬರೆದಿರೋದು ಮಾಗಿದ ಕಲೆ ಅಂತ."

ಮೇಡಂ ಬೇಲಿಯ ಕಡೆ ನೋಡಿದರು. ಚೆನ್ನಾಜಮ್ಮನ ಮುಖ ಕಂಡವರಿಗೆ ಅವಳಿಗೆ ಇದು ತಿಳಿದಿರಲಿಲ್ಲವೆಂದು ಗೊತ್ತಾಗುತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮೇಡಂ ವೇಣಿಯ ಕಡೆ ತಿರುಗಿದರು. "ನೀನಾ ಚುಚ್ಚಿದ್ದು?"

"ನಾನ್ ಅಲ್ಲ," ಎಂದಳು ವೇಣಿ. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಪುಸ್ತಕದಾಗೆ ಬರ್ದಿರೋದ್ನ ಅವ್ಳಿಗೆ ಹೇಳ್ದೆ. ಅಷ್ಟೇ. ಮೂರ್ ಸಲ ಹೇಳ್ದೆ."

"ಮತ್ತೆ ಯಾರು?"

ವೇಣಿ ಹೇಳಲು ಬಾಯಿ ತೆರೆದಳು. ರತ್ನ ಅವಳ ಕೈಯನ್ನು ಹಿಡಿದೆಳೆದಳು.

"ನಾನೇ," ಎಂದಳು ರತ್ನ.

ದನಿ ವೇಣಿಯದರಂತೆಯೇ ಇತ್ತು, ತುಸು ಗೊಗ್ಗರು, ಅಷ್ಟೇ. ಬೇಲಿಯ ಹತ್ತಿರ ಚೆನ್ನಾಜಮ್ಮ ನೆಲದ ಮೇಲೆ ಕುಳಿತುಬಿಟ್ಟಳು. ಮೇಡಂ ಮಗುವಿನ ಕಾಲನ್ನು ಇನ್ನೂ ಕೈಯಲ್ಲಿ ಹಿಡಿದೇ ಇದ್ದರು. ಪುಸ್ತಕವನ್ನು ನೋಡಿದರು, ನನ್ನನ್ನು ನೋಡಿದರು, ಗಾಯವನ್ನು ನೋಡಿದರು. ಸಾಲಿನ ಆ ತುದಿಯಲ್ಲಿ ಯಾವುದೋ ಮಗು ಉಚ್ಚೆ ಬಂತು ಎಂದು ಅಳತೊಡಗಿತ್ತು.

"ಮಾಗುತ್ತೆ," ಎಂದರು ಮೇಡಂ. ಕಾಲನ್ನು ಮೆಲ್ಲಗೆ ಕೆಳಗಿಟ್ಟರು. "ಇದೆ ಅಂತ ಗುರುತು ಹಾಕಿಕೊಳ್ಳಿ. ತಿಮ್ಮಯ್ಯನಿಗೆ ಹೇಳಿ ಅರಿಶಿನ ತರಿಸಿ."

ನಾನೇ ಹೋಗಿ ತಂದು ಹಚ್ಚಿದೆ. ರತ್ನ ಉಸ್ ಎನ್ನಲಿಲ್ಲ. ವೇಣಿ ಅವಳ ಪರವಾಗಿ ಎರಡು ಸಲ ಅಂದಳು. ಗಂಟೆ ಹೊಡೆದ ಮೇಲೆ ಇಬ್ಬರೂ ಕೈ ಹಿಡಿದುಕೊಂಡು ಒಂದನೇ ತರಗತಿಯ ಕಡೆ ಹೋದರು. ರತ್ನ ಎಡಗಾಲನ್ನು ಎಳೆಯುತ್ತಾ ಕುಂಟುತ್ತಿದ್ದಳು. ವೇಣಿಯ ಗಾಯ ಮಾಗಿ ವರ್ಷವಾಗಿತ್ತು. ಅವಳೂ ಕುಂಟುತ್ತಿದ್ದಳು.